ವಿಮಾನದ ಸಿನೆಮಾದಲ್ಲಿ ನುಂಗಿದ ನಗು

ನನ್ನ ನಗುವಿನಿಂದ ಎರಡು ಸಂಬಂಧ ತಪ್ಪಿಹೋಗಿದ್ದವು. ತಪ್ಪು ನನ್ನದಲ್ಲ ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಮೊದಲನೆಯ ಸಲ ಹುಡುಗನ ದೊಡ್ಡಪ್ಪ ನಮ್ಮ ಪಡಸಾಲೆಯ ಚೌರಂಗದ ಮೇಲೆ ಗತ್ತಿನಿಂದ ಕುಳಿತು, "ಹುಡುಗಿಗೆ ಹೋಳಿಗಿ ಮಾಡಾಕ ಬರ್ತೈತೇನು?" ಎಂದು ಕೇಳಿ ಬಾಯಿ ಮುಚ್ಚುವುದರೊಳಗೆ ಚೌರಂಗದ ಒಂದು ಕಾಲು ಕಳಚಿತು. ದೊಡ್ಡಪ್ಪ ಅಂಗಾತ ಬಿದ್ದರು, ಆದರೆ ಕೈಯಲ್ಲಿದ್ದ ಅವಲಕ್ಕಿಯ ತಾಟನ್ನು ಮಾತ್ರ ನೆಟ್ಟಗೆ ಹಿಡಿದೇ ಇದ್ದರು. ಯಾರಿಗೆ ನಗು ಬರುವುದಿಲ್ಲ ಹೇಳಿ! ಎರಡನೆಯ ಸಲ ಹುಡುಗನೇ ಬಂದಿದ್ದ. ಒಳಗೆ ಬರುವಾಗ ಅವನ ತಲೆಯ ರುಮಾಲು ತೋರಣದ ಮೊಳೆಗೆ ಸಿಕ್ಕಿ ಬಾಗಿಲಲ್ಲೇ ತೂಗುತ್ತ ಉಳಿಯಿತು. ಅವನಿಗೆ ಗೊತ್ತೇ ಇಲ್ಲ. ಬೋಳು ತಲೆಯಲ್ಲಿ ಬಂದು ಕುಳಿತು, ಇಲ್ಲದ ರುಮಾಲನ್ನು ಎರಡೂ ಕೈಯಿಂದ ಸರಿಮಾಡಿಕೊಂಡ. ನಾನು ಚಹಾದ ತಾಟು ಅಲ್ಲೇ ಇಟ್ಟು ಅಡಿಗೆಮನೆಗೆ ಓಡಿದೆ. ಆದರೆ ನಗು ಬಾಗಿಲು ಹಾಕಿದರೆ ಒಳಗಿರುವಂಥದಲ್ಲ.

ನನ್ನದು ಸೆರಗು ಅಡ್ಡ ಹಿಡಿದು ನಗುವ ನಗುವಲ್ಲ. ಮೊದಲು ಸದ್ದಿಲ್ಲದೆ ಭುಜ, ಬೆನ್ನು ಅಲುಗಲು ಶುರುವಾಗುತ್ತವೆ. ಆಮೇಲೆ ಒಂದು ಕೇಕೆ ಹೊರಡುತ್ತದೆ. ಕೊನೆಗೆ ಬಿಕ್ಕಳಿಕೆ ಹತ್ತಿ, ಯಾರಾದರೂ ನೀರು ತರಬೇಕಾಗುತ್ತದೆ. ನಮ್ಮ ಅರಿಸಿನದ ಅಂಗಡಿ ಮನೆಯ ಮುಂದೆಯೇ ಇತ್ತು. ನಾನು ಒಳಗೆ ನಕ್ಕರೆ ಹೊರಗೆ ತಕ್ಕಡಿ ಹಿಡಿದವರು ಒಂದು ಕ್ಷಣ ಕೈ ನಿಲ್ಲಿಸುತ್ತಿದ್ದರು.

ಆಗ ಸಾಂಗ್ಲಿಯಲ್ಲಿ ಇನ್ನೂ ರಾಜರ ಆಳ್ವಿಕೆ. ಮಿರಜದ್ದು ಬೇರೆಯೇ ಸಂಸ್ಥಾನ. ಎರಡೂ ರಾಜ್ಯಗಳ ನಡುವೆ ಒಂದು ಪುಟ್ಟ ರೈಲು ಓಡಾಡುತ್ತಿತ್ತು. ಬೆಳಿಗ್ಗೆ ಒಬ್ಬ ರಾಜರ ಪ್ರಜೆಯಾಗಿ ರೊಟ್ಟಿ ತಿಂದು ಹೊರಟರೆ ಮಧ್ಯಾಹ್ನದ ಊಟ ಇನ್ನೊಬ್ಬ ರಾಜರ ಊರಲ್ಲಿ. ನಮ್ಮ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಅಪ್ಪ ಬೈಗುಳವನ್ನು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ಅವಳ ತಂಗಿ, ನಮ್ಮ ಮಾವಶಿ, ಬಂದು ಮನೆಯ ಯಜಮಾನಿಕೆ ಹಿಡಿದಿದ್ದಳು. "ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು" ಎಂಬ ಗಾದೆಯನ್ನು ದಿನಕ್ಕೆ ಮೂರು ಸಲ ನನ್ನ ಕಿವಿಗೆ ಹಾಕುತ್ತಿದ್ದಳು. ಅವಳ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ತಿಂಗಳು ಮಿರಜದಿಂದ ಬರುವಾಗ ರೈಲಿನ ಹೆಂಗಸರ ಡಬ್ಬಿಯಲ್ಲಿ ಕುಪವಾಡದ ಕಡೆಯ ಒಬ್ಬಳ ಬುಟ್ಟಿಯಿಂದ ಕೋಳಿಯೊಂದು ತಪ್ಪಿಸಿಕೊಂಡು, ಡಬ್ಬಿಯೆಲ್ಲ ಸುತ್ತಿ, ಬಂದು ನಮ್ಮ ಮಾವಶಿಯ ತಲೆಯ ಮೇಲೆ ಕುಳಿತಿತ್ತು. ತತ್ತಿಯ ಹೆಸರು ತೆಗೆದರೇ ಬಾಯಿ ತೊಳೆಯುವ ಲಿಂಗಾಯತರ ಹೆಣ್ಣುಮಗಳ ತಲೆಯ ಮೇಲೆ ಕೋಳಿ! ಸಾಂಗ್ಲಿ ಬರುವವರೆಗೂ ನಾನು ನಕ್ಕೆ. ಮಾವಶಿ ಮನೆಗೆ ಬಂದು ಸೀರೆ ಸಮೇತ ಸ್ನಾನ ಮಾಡಿದಳು. ಎಂಟು ದಿನ ನನ್ನ ಸಂಗಡ ಮಾತು ಬಿಟ್ಟಳು.

ಅದಾದ ಮೇಲೆ ಮಿರಜದ ಬಟ್ಟೆ ಅಂಗಡಿಯವರಿಂದ ಮೂರನೆಯ ಸಂಬಂಧ ಬಂತು, ಅದೂ ತಾವಾಗಿಯೇ ಹೇಳಿಕಳಿಸಿದ್ದು. ಹುಡುಗನೇ ಹಟ ಹಿಡಿದು ಕೇಳಿದ್ದಾನಂತೆ. ಯಾಕೆ ಕೇಳಿದ, ನನ್ನನ್ನು ಎಲ್ಲಿ ನೋಡಿದ ಎಂದು ಅಪ್ಪನಿಗೆ ಆಶ್ಚರ್ಯ.

"ಯಾಕಂತ ಕೇಳಾಕ ಹೋಗಬ್ಯಾಡ್ರಿ," ಎಂದಳು ಮಾವಶಿ. "ಅವರು ವಿಚಾರ ಮಾಡಾಕ ಹತ್ತಿದ್ರ ಕೆಲಸ ಕೆಡತೈತಿ."

ಇದೂ ತಪ್ಪಿದರೆ ನನ್ನ ಗತಿ ಏನೆಂಬುದನ್ನೂ ಅವಳೇ ನಿರ್ಧರಿಸಿ ಇಟ್ಟಿದ್ದಳು. ವಿಜಾಪುರದ ಕಡೆ ಒಬ್ಬ ಬೆಲ್ಲದ ವ್ಯಾಪಾರಿ. ಹೆಂಡತಿ ತೀರಿಹೋಗಿದ್ದಳು, ಇಬ್ಬರು ಮಕ್ಕಳಿದ್ದರು, ವಯಸ್ಸು ಅಪ್ಪನಿಗಿಂತ ಒಂದೆರಡು ವರ್ಷ ಕಡಿಮೆ. ಹುಡುಗಿಯನ್ನು ನೋಡದೆಯೇ ಒಪ್ಪಿದ್ದಾನಂತೆ. "ಅವಗ ಕಿವಿ ಕೇಳಂಗಿಲ್ಲ," ಎಂದು ಮಾವಶಿ ಅದನ್ನೊಂದು ದೊಡ್ಡ ಗುಣವೆಂಬಂತೆ ಹೇಳಿದಳು. "ನೀ ಎಷ್ಟರ ನಗು, ಅವನ ಮನಿಯಾಗ ತಕರಾರಿಲ್ಲ." ಆ ಬೇಸಿಗೆಯಲ್ಲಿ ನನಗೆ ಬೆಲ್ಲ ಕಂಡರೆ ಅಳು ಬರುತ್ತಿತ್ತು. ನಾನು ಮೊದಲ ಬಾರಿಗೆ ನಿಜವಾಗಿ ಹೆದರಿದ್ದೆ. ಈ ಸಲ ಆಕಾಶವೇ ಕಳಚಿಬೀಳಲಿ, ನಗುವುದಿಲ್ಲ ಎಂದು ಲಿಂಗ ಮುಟ್ಟಿ ಆಣೆ ಮಾಡಿದೆ.

ಮನೆಯಲ್ಲಿ ಹುಡುಗಿ ತೋರಿಸುವುದೇ ಬೇಡ ಎಂಬುದು ಮಾವಶಿಯ ಹೊಸ ಹಂಚಿಕೆ. ಮನೆಯಲ್ಲಿ ಚೌರಂಗ ಇರುತ್ತದೆ, ಮೊಳೆ ಇರುತ್ತದೆ, ಯಾರಾದರೂ ಬೀಳುತ್ತಾರೆ. ಅದಕ್ಕೆ ಸಿನೆಮಾ ಥೇಟರಿನಲ್ಲಿ ಅಕಸ್ಮಾತ್ ಭೇಟಿಯಾದಂತೆ ಭೇಟಿಯಾಗುವುದು. ಊರಿನ ಥೇಟರಿಗೆ ಮಧ್ಯಾಹ್ನದ ಆಟಕ್ಕೆ ಒಂದು ಸಂತರ ಸಿನೆಮಾ ಬರುವುದಿತ್ತು. ಅದನ್ನು ನೋಡಿದವರೆಲ್ಲ ಅಳುತ್ತ ಹೊರಬರುತ್ತಾರೆಂದು ಸುದ್ದಿ. ಹುಡುಗನ ತಾಯಿ ಹೆಂಗಸರ ಕಡೆ ನಮ್ಮ ಪಕ್ಕದಲ್ಲಿ ಕೂರುವುದು, ನಾನು ಸಂತರ ಕಷ್ಟ ನೋಡಿ ಎರಡು ಹನಿ ಕಣ್ಣೀರು ಹಾಕುವುದು, ಹುಡುಗಿಯ ಮನಸ್ಸು ಎಷ್ಟು ಮೆತ್ತಗೆ ಎಂದು ಅವರು ಮೆಚ್ಚುವುದು. ಇಷ್ಟು ಚಂದದ ಹಂಚಿಕೆ ದಿವಾನರಿಗೂ ಹೊಳೆಯುತ್ತಿರಲಿಲ್ಲ, ನಿಜ.

ಆದರೆ ಆಗ ಸಿನೆಮಾದ ರೀಲುಗಳು ಪೆಟ್ಟಿಗೆಯಲ್ಲಿ ರೈಲಿನ ಮೇಲೆ ಬರುತ್ತಿದ್ದವು. ಮಿರಜದ ಜಂಕ್ಷನ್ನಿನಲ್ಲಿ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹಾಕಬೇಕಿತ್ತು. ಅಂದು ಅಲ್ಲಿ ಅದಲುಬದಲಾಗಿ ಸಂತರು ಕೊಲ್ಲಾಪುರಕ್ಕೆ ಹೋದರು, ಕೊಲ್ಲಾಪುರಕ್ಕೆ ಹೋಗಬೇಕಾದದ್ದು ನಮ್ಮ ಪಾಲಿಗೆ ಬಂತು. ಇದೆಲ್ಲ ನಮಗೆ ಗೊತ್ತಾದದ್ದು ಒಳಗೆ ಕುಳಿತ ಮೇಲೆ. ಥೇಟರಿನವನೊಬ್ಬ ಪರದೆಯ ಮುಂದೆ ಬಂದು ಕೈಮುಗಿದು, ಇವತ್ತು ಸಂತರ ಬದಲು ವಿಮಾನದ ನಗೆಚಿತ್ರ ತೋರಿಸುತ್ತೇವೆ, ಯಾರೂ ಬೇಸರ ಮಾಡಿಕೊಳ್ಳಬಾರದು ಎಂದ.

"ಅಗಬಾಯಿ!" ಎಂದು ಮಾವಶಿ ಎದೆ ಹಿಡಿದುಕೊಂಡಳು.

ಎದ್ದು ಹೋಗೋಣವೆಂದರೆ ಹುಡುಗನ ತಾಯಿ ಆಗಲೇ ನನ್ನ ಪಕ್ಕದಲ್ಲಿ ಬೆಂಚು ತುಂಬ ಕುಳಿತಿದ್ದರು. ದಪ್ಪನೆಯ, ಅಗಲ ವಿಭೂತಿಯ ಹೆಂಗಸು. ಮುಖ ನೋಡಿದರೆ ಜನ್ಮದಲ್ಲಿ ನಕ್ಕವರಂತೆ ಕಾಣಲಿಲ್ಲ. ಗಂಡಸರ ಕಡೆಗೂ ನಮಗೂ ನಡುವೆ ಒಂದು ಬಟ್ಟೆಯ ಮರೆ. ಅದರ ಆಚೆ ಅಪ್ಪ, ಹುಡುಗ, ಹುಡುಗನ ತಂದೆ. ಹುಡುಗನನ್ನು ಮೆಟ್ಟಿಲ ಹತ್ತಿರ ಓರೆಗಣ್ಣಿನಿಂದ ನೋಡಿದ್ದೆ. ಉದ್ದ ಮೂಗು, ರುಮಾಲು ತಲೆಯ ಮೇಲೆಯೇ ಇತ್ತು. ನನಗೆ ಅಷ್ಟು ಸಾಕಾಗಿತ್ತು.

ದೀಪ ಆರುವ ಮುನ್ನ ಮಾವಶಿ ನನ್ನ ಬಾಯಿಗೆ ಇಡೀ ಅಡಿಕೆಯೊಂದನ್ನು ತುರುಕಿದಳು. "ಗಟ್ಯಾಗಿ ಕಚ್ಚಿ ಹಿಡಿ. ಕರಡಿಗಿ ಕೈಯಾಗ ಹಿಡಕೋ. ಶಿವಶಿವಾ ಅನಕೋತ ಕುಂದರು. ನಕ್ಕಿ ಅಂದ್ರ ಬೆಲ್ಲದಾವನ ಮನಿ, ನೆನಪಿರಲಿ." ನಾನು ಕೊರಳ ಬೆಳ್ಳಿಯ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕುಳಿತೆ. ಒಳಗಿದ್ದ ಲಿಂಗಕ್ಕೆ ಅಂದಿನಷ್ಟು ಕೆಲಸ ನಾನು ಮತ್ತೆಂದೂ ಕೊಡಲಿಲ್ಲ.

ಸಿನೆಮಾ ಶುರುವಾಯಿತು. ಮುಂಬಯಿಯ ಮಂದಿ ಒಂದು ದೊಡ್ಡ ವಿಮಾನ ಹತ್ತಿ ದಿಲ್ಲಿಗೆ ಹೊರಟಿದ್ದಾರೆ. ಒಬ್ಬ ಡೊಳ್ಳುಹೊಟ್ಟೆಯ ಶೇಟಜಿ, ಅವನ ಕಡ್ಡಿಯಂಥ ಗುಮಾಸ್ತ, ಮುಖಕ್ಕೆ ಪೌಡರು ಬಳಿದುಕೊಂಡ ಒಬ್ಬ ಹೆಂಗಸು, ಅವಳ ನಾಯಿ. ಶೇಟಜಿ ಬಂದವನೇ ರೈಲಿನಲ್ಲಿ ಮಾಡುವಂತೆ ಹಾಸಿಗೆಯ ಸುರುಳಿ ಬಿಚ್ಚಿ ಮೂರು ಕುರ್ಚಿಗಳ ಮೇಲೆ ಹಾಸಿ ಮಲಗಿಬಿಟ್ಟ. ಸ್ವಲ್ಪ ಹೊತ್ತಿಗೆ ಬಾಯಾರಿಕೆಯಾಯಿತು. ತಾಮ್ರದ ತಂಬಿಗೆ ಹಿಡಿದು ಎದ್ದು, ಮುಂದಿನ ಠೇಶನ್ನಿನಲ್ಲಿ ನೀರು ಹಿಡಿಯಬೇಕು ನಿಲ್ಲಿಸಿ ಎಂದು ಮೇಲೆ ತೂಗುತ್ತಿದ್ದ ಸರಪಳಿ ಎಳೆದ! ಮೇಲಿನ ಹಲಗೆ ಕಳಚಿ ಟ್ರಂಕು, ಕೊಡೆ, ಹಂಡೆ ಎಲ್ಲ ಮಂದಿಯ ತಲೆಯ ಮೇಲೆ ಬಂದವು. ನಾಯಿ ಹಂಡೆಯೊಳಗೆ ಸಿಕ್ಕಿ ಹಂಡೆಯೇ ಓಡಾಡತೊಡಗಿತು.

ಥೇಟರು ಹೋ ಎಂದಿತು. ನನ್ನ ಬೆನ್ನು ಅಲುಗಿತು. ನಾನು ಅಡಿಕೆ ಕಚ್ಚಿ, ಮರಾಠಿ ಶಾಲೆಯಲ್ಲಿ ಕಲಿತ ಸವ್ವಾಕಿ, ಅಂದರೆ ಒಂದೂಕಾಲರ, ಮಗ್ಗಿ ಶುರುಮಾಡಿದೆ. ಬೇ ಸವ್ವಾ ಅಡೀಚ, ತೀನ ಸವ್ವಾ ಪಾವಣೇಚಾರ. ಆ ಮಗ್ಗಿ ನೆನೆದರೆ ಶಾಲೆಯಲ್ಲಿ ಅಳು ಬರುತ್ತಿತ್ತು, ಅದಕ್ಕೇ ಅದನ್ನು ಆರಿಸಿಕೊಂಡಿದ್ದೆ.

ಅಷ್ಟರಲ್ಲಿ ಶೇಟಜಿ ಬುತ್ತಿ ಬಿಚ್ಚಿದ. ಉಪ್ಪಿನಕಾಯಿಯ ವಾಸನೆಗೆ ವಿಮಾನ ನಡೆಸುವವನೇ ಎದ್ದು ಬಂದ. "ಸ್ವಲ್ಪ ಹಿಡಿದಿರು" ಎಂದು ಗುಮಾಸ್ತನ ಕೈಗೆ ಚಕ್ರ ಕೊಟ್ಟು ಬಂದಿದ್ದ. ಎಲ್ಲರೂ ಊಟಕ್ಕೆಂದು ಹಿಂದೆ ಸೇರಿದರು. ವಿಮಾನದ ಮೂತಿ ಮೇಲಕ್ಕೆದ್ದಿತು! ಎಲ್ಲರೂ ಮುಂದಕ್ಕೆ ಓಡಿದರು. ಮೂತಿ ನೆಲದ ಕಡೆ ತಿರುಗಿತು! ಹಿಂದಕ್ಕೆ, ಮುಂದಕ್ಕೆ, ಪೂರಿ ತಾಟು ಸಮೇತ. ಮರೆಯ ಆಚೆ ನಮ್ಮಪ್ಪ ಎದ್ದುನಿಂತು, "ನಡುವ ನಿಲ್ರೋ, ನಡುವ! ಮುಂದ ಭಾರ ಆಗೇತಿ!" ಎಂದು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಜೀವನವಿಡೀ ಚಕ್ಕಡಿಗೆ ಅರಿಸಿನದ ಚೀಲ ಹೇರಿಸಿದ ಮನುಷ್ಯ, ಪಾಪ, ಸುಮ್ಮನೆ ಹೇಗೆ ಕೂರುತ್ತಾರೆ? ನನಗೆ ಸಿನೆಮಾಕ್ಕಿಂತ ಅದೇ ತಡೆಯಲಾರದ್ದಾಯಿತು. ಚಾರ ಸವ್ವಾ ಪಾಚ, ಚಾರ ಸವ್ವಾ ಪಾಚ, ಮುಂದಿನದು ಮರೆತುಹೋಯಿತು.

ಆಮೇಲೆ ಶೇಟಜಿಯ ಧೋತರದ ತುದಿ ಬಾಗಿಲಿಗೆ ಸಿಕ್ಕಿತು. ಧೋತರ ಹೊರಗೆ ಬಿಚ್ಚುತ್ತ ಬಿಚ್ಚುತ್ತ ಹಾರಿ, ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಗಸನ ಮುಂದೆ ಬಿತ್ತು. ಅವನು ತಲೆಯೆತ್ತಿಯೂ ನೋಡದೆ ಅದನ್ನೂ ಒಂದು ಏಟು ಕಲ್ಲಿಗೆ ಬಡಿದು ಹಿಂಡಿ ಇಟ್ಟ. ನನ್ನ ಕಣ್ಣಿನಲ್ಲಿ ನೀರು ಸುರಿಯಿತು, ಉಸಿರು ಸಿಕ್ಕಿಕೊಂಡಿತು, ಆದರೂ ಬಾಯಿ ಬಿಡಲಿಲ್ಲ. ಮುಖ ಕಲ್ಲಿನಂತೆ ಮಾಡಿಕೊಂಡು ಕುಳಿತೇ ಇದ್ದೆ.

ಪಕ್ಕದಲ್ಲಿ ಜನ್ಮದಲ್ಲಿ ನಗದಂತಿದ್ದ ಆ ಹೆಂಗಸು ಬಿದ್ದು ಬಿದ್ದು ನಗುತ್ತಿದ್ದರು. ನನ್ನ ತೊಡೆಯ ಮೇಲೆ ಫಟ್ಟನೆ ಹೊಡೆದು, "ನೋಡವಾ, ನೋಡು, ಅಗಸಾ!" ಎನ್ನುತ್ತಿದ್ದರು. ಆಮೇಲಾಮೇಲೆ ಪರದೆ ಬಿಟ್ಟು ನನ್ನನ್ನೇ ನೋಡತೊಡಗಿದರು. ಮಧ್ಯಂತರದಲ್ಲಿ ಖಾರದ ಚುರುಮುರಿ ಭಡಂಗದ ಪೊಟ್ಟಣ ನನ್ನ ಮುಂದೆ ಹಿಡಿದು, "ಸಿನೆಮಾ ಚಲೋ ಐತಲ್ಲಾ?" ಎಂದು ಕೇಳಿದರು. ಬಾಯಲ್ಲಿ ಅಡಿಕೆ. ಉಗುಳುವಂತಿಲ್ಲ, ನುಂಗುವಂತಿಲ್ಲ. "ಊಂ" ಎಂದೆ. "ಏನು?" ಎಂದರು. "ಊಂ ಊಂ" ಎಂದೆ. ಅವರು ಮಾವಶಿಯ ಮುಖ ನೋಡಿದರು. ಮಾವಶಿ ಹೆಮ್ಮೆಯಿಂದ, "ನಮ್ಮ ಹುಡುಗಿ ಭಾಳ ಗಂಭೀರ ಐತ್ರಿ," ಎಂದಳು.

ಮನೆಗೆ ಬಂದು ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ಕರಡಿಗೆಯ ಅಚ್ಚು ಬಿದ್ದಿತ್ತು. ಮಾವಶಿ ಅದಕ್ಕೆ ಎಣ್ಣೆ ಹಚ್ಚುತ್ತ ಮೊದಲ ಬಾರಿ ನನ್ನನ್ನು ಶಾಣ್ಯಾ ಹುಡುಗಿ ಎಂದಳು. ನಾನು ಗೆದ್ದೆನೆಂದುಕೊಂಡೆ.

ಒಂದು ದಿನವಾಯಿತು, ಎರಡು ದಿನವಾಯಿತು, ಮಿರಜದಿಂದ ಸುದ್ದಿಯಿಲ್ಲ. ಮೂರನೆಯ ದಿನ ಬಂದ ಸುದ್ದಿ ಕೇಳಿ ಅಪ್ಪ ಗೋಡೆಗೆ ಒರಗಿ ಕುಳಿತುಬಿಟ್ಟರು. ಹುಡುಗ ಬೇಡ ಎಂದಿದ್ದಾನಂತೆ. ಕಾರಣ ಹೇಳಿಲ್ಲ. ಆದರೂ ಅವನ ತಾಯಿ ನಾಳೆ ಸಾಂಗ್ಲಿಗೆ ಬಂದಾಗ ಒಂದು ಗಳಿಗೆ ನಮ್ಮ ಮನೆಗೆ ಬಂದುಹೋಗುತ್ತಾರಂತೆ.

ನಾನು ಹಿತ್ತಲಿಗೆ ಹೋಗಿ ಅತ್ತೆ. ನಕ್ಕರೂ ತಪ್ಪು, ನಗದಿದ್ದರೂ ತಪ್ಪು ಎಂದರೆ ಹೆಣ್ಣುಮಗಳು ಏನು ಮಾಡಬೇಕು? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಮಾವಶಿ ಮಾತ್ರ ಇನ್ನೂ ಸೋಲು ಒಪ್ಪಿರಲಿಲ್ಲ. "ನಾಳೆ ಆಕಿ ಬಂದಾಗ ಏನರ ಆಗಲಿ, ಬೆಚ್ಚಬ್ಯಾಡ, ತಿರುಗಿ ನೋಡಬ್ಯಾಡ, ನಿನ್ನ ಕೆಲಸ ನೀ ಮಾಡು. ನಿನ್ನ ಗಂಭೀರ ಅವರಿಗೆ ಇನ್ನೂ ಪೂರಾ ತಿಳಿದಿಲ್ಲ," ಎಂದಳು.

ಮರುದಿನ ಬೆಳಿಗ್ಗೆ ಅವರು ಬಂದಾಗ ನಾನು ಒಲೆಯ ಮುಂದೆ ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದೆ. ಅವರ ಹೆಜ್ಜೆ ಒಳಗೆ ಬಂದದ್ದು ಕೇಳಿಸಿತು. ಅವರು ಮೆಲ್ಲಗೆ ಗೋಡೆಗೆ ಆನಿಸಿದ್ದ, ಹಿಟ್ಟು ನಾದುವ ದುಂಡನೆಯ ದೊಡ್ಡ ಹಿತ್ತಾಳೆಯ ಪರಾತ ಎತ್ತಿದ್ದೂ ಕೇಳಿಸಿತು. ಆಮೇಲೆ ಅದನ್ನು ನನ್ನ ಬೆನ್ನ ಹಿಂದೆ, ಎದೆಯೆತ್ತರದಿಂದ, ಕೈಬಿಟ್ಟರು.

ಢಣ್ಣೆಂದು ಮನೆಯೆಲ್ಲ ಅದುರಿತು. ಮಾಡಿನ ಗುಬ್ಬಿಗಳು ಹಾರಿಹೋದವು. ನಾನು ತಿರುಗಿ ನೋಡಲಿಲ್ಲ. ರೊಟ್ಟಿ ಬಡಿದೆ.

"ನಾ ಅಂದಿದ್ನಲ್ಲಾ!" ಎಂದು ಅವರು ಮಾವಶಿಯ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು. "ಅಕ್ಕಾರ, ನಮಗ ಮೊದಲ ಹೇಳಬೇಕಾಗಿತ್ತರಿ. ಹುಡುಗಿಗೆ ಕಿವಿ ಕೇಳಂಗಿಲ್ಲ. ಪಾಪ, ಬಾಯೀನೂ ಅಷ್ಟಕ್ಕಷ್ಟ."

ಕಿವುಡಿ! ಮೂಕಿ! ನನಗೆ ಸಿಟ್ಟು ನೆತ್ತಿಗೇರಿತು. ತಿರುಗಿ ಹೇಳಬೇಕೆನ್ನುವಷ್ಟರಲ್ಲಿ ನೋಡುತ್ತೇನೆ, ಬಿದ್ದ ಪರಾತ ಇನ್ನೂ ನೆಲಕ್ಕೆ ಒರಗಿರಲಿಲ್ಲ. ಅಂಚಿನ ಮೇಲೆ ನಿಂತು, ಗುಂಯ್ ಎನ್ನುತ್ತ ಉರುಳಿ, ಹೊಸ್ತಿಲು ಹಾರಿ, ಪಡಸಾಲೆಗೆ ಹೊರಟಿತ್ತು. ಅಲ್ಲಿ ಅಪ್ಪ ಮಗಳ ಹಣೆಬರಹ ನೆನೆಯುತ್ತ, ಮುರಿದ ಕಾಲಿಗೆ ಇಟ್ಟಿಗೆ ಕೊಟ್ಟಿದ್ದ ಆ ಹಳೆಯ ಚೌರಂಗದ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಪರಾತ ಹೋಗಿ ಇಟ್ಟಿಗೆಗೆ ಬಡಿಯಿತು. ಚೌರಂಗ ಹಿಂದಕ್ಕೆ ವಾಲಿತು, ಅಪ್ಪನ ಎರಡೂ ಕಾಲು ಮೇಲಕ್ಕೆದ್ದವು. ಆ ಸ್ಥಿತಿಯಲ್ಲೂ ಅವರು ಕೂಗಿದ್ದು, "ಹಿಂದ ಭಾರ ಆತೋ!"

ನಾಲ್ಕು ದಿನ ನುಂಗಿಟ್ಟದ್ದು ಒಮ್ಮೆಲೇ ಬಂತು. ಹಂಡೆಯೊಳಗಿನ ನಾಯಿ, ಸರಪಳಿ, ಧೋತರ, ಅಗಸ, ಅಪ್ಪ, ಎಲ್ಲ ಸೇರಿ ಬಂತು. ರೊಟ್ಟಿಯ ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕುಳಿತು ನಕ್ಕೆ. ಹೊರಗೆ ತಕ್ಕಡಿ ನಿಂತಿತು. ಬೆಲ್ಲದವನ ಮನೆಗೆ ಹೋಗುವುದೇ ಆದರೆ ನಗುತ್ತಲೇ ಹೋಗುತ್ತೇನೆ ಎನಿಸಿತು.

ಮಾವಶಿ ಮುಖ ಮುಚ್ಚಿಕೊಂಡಳು. ಹುಡುಗನ ತಾಯಿ ಮಾತ್ರ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಆಮೇಲೆ ದಡದಡ ಹೋಗಿ ಬೀದಿಯ ಕಿಟಕಿ ತೆರೆದರು. ನಾನೂ ನಗುತ್ತಲೇ ಅವರ ಹಿಂದೆ ಹೋದೆ. ಹೊರಗೆ ಟಾಂಗಾದಲ್ಲಿ ಹುಡುಗ ಕುಳಿತಿದ್ದ, ಒಳಗೆ ಬರಲು ಒಪ್ಪಿರಲಿಲ್ಲವಂತೆ.

"ಕೇಳಿದೇನೋ?" ಎಂದು ಕೂಗಿದರು.

"ಕೇಳಿದೆ, ಕೇಳಿದೆ," ಎಂದ ಅವನು ಟಾಂಗಾದಲ್ಲಿ ಎದ್ದುನಿಂತು. "ಅಕೀನ ಯವ್ವಾ! ಕೋಳಿ ದಿನ ನಕ್ಕಾಕಿ ಅಕೀನ!"

ಆಗ ತಿಳಿಯಿತು. ಅವರ ಇನ್ನೊಂದು ಅಂಗಡಿ ಸಾಂಗ್ಲಿಯಲ್ಲಿತ್ತು. ಆ ಹುಡುಗ, ಮುಂದೆ ನಮ್ಮ ಯಜಮಾನರಾದವರು, ದಿನಾ ಆ ರೈಲಿನಲ್ಲಿ ಬರುತ್ತಿದ್ದರು. ಕೋಳಿ ಮಾವಶಿಯ ತಲೆಯೇರಿದ ದಿನ ಹಲಗೆಯ ಗೋಡೆಯ ಆಚೆಯ ಡಬ್ಬಿಯಲ್ಲಿ ಇದ್ದರು. ನನ್ನನ್ನು ನೋಡಿರಲೇ ಇಲ್ಲ, ನಗು ಮಾತ್ರ ಕೇಳಿದ್ದರು. ಇಳಿಯುವಾಗ ಯಾರನ್ನೋ ವಿಚಾರಿಸಿ ನಮ್ಮ ಮನೆಯ ಗುರುತು ಹಿಡಿದಿದ್ದರು. ಥೇಟರಿನಲ್ಲಿ ಇಡೀ ಹೊತ್ತು ಬಟ್ಟೆಯ ಮರೆಗೆ ಕಿವಿ ಹಚ್ಚಿ ಆ ನಗು ಬರುತ್ತದೆಂದು ಕಾದಿದ್ದರು. ಬರಲಿಲ್ಲ. ಮನೆಗೆ ಹೋಗಿ, "ಅಕಿ ಅಲ್ಲವ್ವಾ, ತಪ್ಪು ಮನಿಗೆ ಕೇಳೇವಿ," ಎಂದು ಊಟ ಬಿಟ್ಟು ಮಲಗಿದ್ದರಂತೆ. ತಾಯಿ ಮಾತ್ರ, ಇಷ್ಟು ಮಂದಿ ನಕ್ಕಾಗ ನಗದವಳು ಕಿವುಡಿಯೇ ಇರಬೇಕು, ಒಮ್ಮೆ ನೋಡಿಯೇ ಬಿಡೋಣವೆಂದು ಬಂದಿದ್ದರು. ನಾನು ಯಾವುದನ್ನು ಬಚ್ಚಿಡಲು ಅಂಗೈಯಲ್ಲಿ ಅಚ್ಚು ಬೀಳಿಸಿಕೊಂಡೆನೋ ಅದನ್ನೇ ಆ ಮನುಷ್ಯ ಕೇಳಿಕೊಂಡು ಬಂದಿದ್ದರು. ಆ ಕಿಟಕಿಯ ಹತ್ತಿರ ನಾನು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ನಕ್ಕು ಬಂದ ನೀರೆಂದುಕೊಂಡರು.

ಆ ಸಿನೆಮಾ ಮತ್ತೆ ನಮ್ಮ ಕಡೆ ಬರಲಿಲ್ಲ. ಮರುದಿನವೇ ಸಂತರು ಬಂದು ವಿಮಾನ ಕೊಲ್ಲಾಪುರಕ್ಕೆ ಹೋಗಿತ್ತು. ನೋಡಿದರೆ ನಮ್ಮಿಬ್ಬರಲ್ಲಿ ಅದನ್ನು ಯಾರೂ ಸರಿಯಾಗಿ ನೋಡಿಲ್ಲ. ಅವರು ನನ್ನ ನಗುವಿಗೆ ಕಿವಿಗೊಟ್ಟು ಕುಳಿತಿದ್ದರು, ನಾನು ಮಗ್ಗಿ ಹೇಳುತ್ತಿದ್ದೆ. ಮದುವೆಯಾದ ಮೇಲೆ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ವಿಮಾನ ಉದ್ದವಾಯಿತು. ಒಂದು ವರ್ಷ ಅದಕ್ಕೊಂದು ಎಮ್ಮೆ ಹತ್ತಿತು, ಇನ್ನೊಂದು ವರ್ಷ ನಮ್ಮ ಮಾವಶಿಯೇ ಹತ್ತಿದಳು, ತಲೆಯ ಮೇಲೆ ಕೋಳಿ ಸಮೇತ. ಈಗ ನಿಮಗೆ ಹೇಳಿದ್ದರಲ್ಲಿ ಎಷ್ಟು ನೋಡಿದ್ದು, ಎಷ್ಟು ಸೇರಿಸಿದ್ದು ಎಂದು ಲಿಂಗ ಮುಟ್ಟಿ ಹೇಳು ಎಂದರೆ ನಾನು ಒಲ್ಲೆ.

ಮಾವಶಿ ಇದ್ದಿದ್ದರೆ ಈಗ ಗೆದ್ದೆನೆನ್ನುತ್ತಿದ್ದಳು. ಕೊನೆಗೂ ನನಗೆ ಕಿವುಡ ಗಂಡನೇ ಸಿಕ್ಕಿದ. ನಾಲ್ಕು ವರ್ಷದಿಂದ ಅವರಿಗೆ ಏನೂ ಕೇಳಿಸುವುದಿಲ್ಲ. ಸುದ್ದಿ ಬೇಕಾಗಿಲ್ಲ, ಭಜನೆ ಬೇಕಾಗಿಲ್ಲ, ನನ್ನ ನಗುವೊಂದು ಕೇಳಿಸದ್ದೇ ಅವರಿಗೆ ಸಂಕಟ. ಬಾಯಿ ಬಿಟ್ಟು ಹೇಳುವುದಿಲ್ಲ, ನನಗೆ ತಿಳಿಯುತ್ತದೆ. ಮೊಮ್ಮಕ್ಕಳು ಸುತ್ತ ಕುಳಿತು ವಿಮಾನದ ಸಿನೆಮಾ ಹೇಳು ಎಂದಾಗ ಅವರೂ ಬಂದು ನನ್ನ ಹಿಂದೆ ಕುಳಿತು ಬೆನ್ನ ಮೇಲೆ ಕೈ ಇಡುತ್ತಾರೆ. ನಾನು ಶೇಟಜಿಯ ಹಾಸಿಗೆ ಹೇಳುತ್ತೇನೆ, ಸರಪಳಿ ಹೇಳುತ್ತೇನೆ. ಕೈ ಸುಮ್ಮನಿರುತ್ತದೆ. ಅಗಸ ಧೋತರ ಹಿಂಡುವ ಹೊತ್ತಿಗೆ ನನ್ನ ಬೆನ್ನು ಅಲುಗತೊಡಗುತ್ತದೆ. ಆಗ ಅವರು ಕಿವುಡರು ಮಾತಾಡುವಷ್ಟು ಜೋರಾಗಿ, ಬೀದಿಗೆಲ್ಲ ಕೇಳುವಂತೆ, ಮಕ್ಕಳಿಗೆ ಹೇಳುತ್ತಾರೆ.

"ಅಕೀನ! ಅಕೀನ ಅದಾಳ!"